ಮೀನಿನೊಳಗೆ ಮುನಿಶಾಮಿ

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಮೀರ್ ಆಟೊ ಸೀಟುಗಳಿಗೆ ರೆಕ್ಸಿನ್ ಹೊಲಿಯುತ್ತಿದ್ದ. ವಯಸ್ಸು ಐವತ್ತು ದಾಟಿತ್ತು. ಹೆಂಡತಿ ಕಮರುನ್ನೀಸಾ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಮೇಲೆ ಅಟ್ಟದಂಥ ಒಂದು ಕೋಣೆ, ಅದೇ ಮನೆ. ಬೆಳಿಗ್ಗೆ ಏಣಿ ಇಳಿದರೆ ಕೆಲಸ, ಸಂಜೆ ಏಣಿ ಹತ್ತಿದರೆ ಮನೆ. ಆಟೊದವರು ಬಂದು "ಎಷ್ಟೊತ್ತಾಗುತ್ತೆ ಭಾಯ್?" ಎಂದು ಕೇಳುತ್ತಿದ್ದರು. "ಎರಡು ಗಂಟೆ" ಅನ್ನುತ್ತಿದ್ದ. ಅವರು ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಕೆಲವು ದಿನ ಅವನು ಆಡಿದ ಮಾತೆಲ್ಲ ಅಷ್ಟೇ.

೧೯೯೯ರ ಫೆಬ್ರವರಿಯಲ್ಲಿ ಮಧುಕರ್ ಎಂಬ ಯುವಕ ಅಂಗಡಿಯ ಮುಂದೆ ಬಂದು ನಿಂತ. ಕೈಯಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆ.

"ಭಾಯ್, ಒಂದು ಮೀನು ಹೊಲ್ದು ಕೊಡ್ತೀರಾ?"

"ಮೀನಾ? ಎಷ್ಟು ದೊಡ್ಡದು?"

"ಒಳಗೆ ಒಬ್ಬ ಮನುಷ್ಯ ಹಿಡೀಬೇಕು."

ಮಧುಕರ್ ಸಿನಿಮಾ ಮಾಡಲು ಹೊರಟಿದ್ದ. ವಿಡಿಯೊ ಲೈಬ್ರರಿಯಿಂದ ಕ್ಯಾಸೆಟ್ ತಂದು ತಂದು, ಮನುಷ್ಯರನ್ನು ತಿನ್ನುವ ಮೀನುಗಳ ವಿದೇಶಿ ಚಿತ್ರ ಯಾವುದನ್ನೂ ಬಿಟ್ಟಿರಲಿಲ್ಲ. ಅವನ ಕತೆಯಲ್ಲಿ ಕಾರ್ಖಾನೆಯೊಂದರ ವಿಷದ ನೀರು ಕೆರೆಗೆ ಹರಿಯುತ್ತದೆ, ಅದನ್ನು ಕುಡಿದ ಒಂದು ಮೀನು ಬೆಳೆದು ವಿಕಾರವಾಗಿ ಊರವರನ್ನು ಒಬ್ಬೊಬ್ಬರನ್ನೇ ನುಂಗುತ್ತದೆ. ಹೆಸರು 'ವಿಷಮೀನು'. ಕೆ.ಆರ್. ಪುರದ ಕಡೆಯ ಜಮೀನುದಾರ ಕೆಂಪರಾಜ್ ನಿರ್ಮಾಪಕ. ರಾಮಮೂರ್ತಿ ನಗರದಾಚೆ ಅವರದೇ ಒಂದು ಹಳೆಯ ಕಲ್ಲು ಕ್ವಾರಿ ಇತ್ತು. ಕೆಲಸ ನಿಂತು ಎಷ್ಟೋ ವರ್ಷವಾಗಿ ಅದರ ಗುಂಡಿಯಲ್ಲಿ ನೀರು ತುಂಬಿಕೊಂಡಿತ್ತು. ಸಿನಿಮಾದ ಕೆರೆ ಅದೇ.

ಅಮೀರ್ ಮೂರು ವಾರ ಬೇರೆ ಕೆಲಸ ಹಿಡಿಯಲಿಲ್ಲ. ಬೆತ್ತ ಬಾಗಿಸಿ ಪಕ್ಕೆಲುಬು ಕಟ್ಟಿದ. ಕಪ್ಪು ರೆಕ್ಸಿನ್ ಸಾಲದೆ ಹೋದಾಗ ಹೊಟ್ಟೆಗೆ ಕೆಂಗಂದು ಬಣ್ಣದ್ದನ್ನು ಹಾಕಿದ. ಮುರಿದ ಛತ್ರಿಗಳ ಕಡ್ಡಿಯಿಂದ ಬೆನ್ನಿನ ರೆಕ್ಕೆ, ಲಾರಿಯ ಹಿಂದಿನ ದೀಪದ ಗಾಜಿನಿಂದ ಕಣ್ಣು, ಪೈಪನ್ನು ಓರೆಯಾಗಿ ಕತ್ತರಿಸಿ ಹಲ್ಲು. ಮೈ ಸುಕ್ಕುಗಟ್ಟದೆ ತುಂಬಿಕೊಂಡು ಕಾಣಲೆಂದು ಒಳಗೆ ಎರಡು ಪದರ ಫೋಮ್ ಕೂರಿಸಿದ. ಮುಗಿದ ದಿನ ಮಧುಕರ್ ಅದನ್ನು ಸುತ್ತಿ ಸುತ್ತಿ ನೋಡಿ, "ಭಾಯ್, ಇದಕ್ಕೆ ಜೀವ ಇದೆ ಕಣ್ರೀ!" ಅಂದ. ಅಮೀರ್ ಮೂವತ್ತು ವರ್ಷ ಸೀಟು ಹೊಲಿದಿದ್ದ. ಜನ ಅದರ ಮೇಲೆ ಕೂತು ಹೋಗಿದ್ದರೇ ಹೊರತು ಯಾರೂ ತಿರುಗಿ ನೋಡಿರಲಿಲ್ಲ.

ಒಳಗೆ ಸೇರುವವನು ಮುನಿಶಾಮಿ. ಹಲಸೂರಿನವನು, ನಲವತ್ತರ ಸಣಕಲು ಆಳು. ಬಾವಿಗೆ ಇಳಿದು ಹೂಳೆತ್ತುವುದು, ಬಿದ್ದ ಕೊಡ ಬಿಂದಿಗೆ ಮುಳುಗಿ ತರುವುದು ಅವನ ಕಸುಬು. ಕೊಳವೆಬಾವಿಗಳು ಬಂದಮೇಲೆ ಜನ ಬಾವಿ ಮುಚ್ಚಿ ಮೇಲೆ ಕಾರ್ ಶೆಡ್ ಕಟ್ಟಿಕೊಂಡರು. ಕೆಲಸವಿಲ್ಲದೆ ಕೂತವನ ಜೊತೆ ಜಗಳವಾಡಿ ಹೆಂಡತಿ ಮಗಳನ್ನು ಕರೆದುಕೊಂಡು ಮಾಲೂರಿನ ತವರಿಗೆ ಹೋಗಿದ್ದಳು.

ಮೊದಲನೇ ದಿನವೇ ಮೀನಿನ ಹೊಟ್ಟೆಯ ಜಿಪ್ ನೀರಿನಲ್ಲಿ ಬಿಟ್ಟುಕೊಂಡಿತು. ಇನ್ನೊಂದು ಜಿಪ್ ಹಾಕಿದರೂ ಅದೇ ಕತೆ. ಕೊನೆಗೆ ಅಮೀರ್ ದಬ್ಬಣ, ನೈಲಾನ್ ದಾರ ತೆಗೆದುಕೊಂಡು, "ನೀನು ಮಲ್ಕೋ. ನಾನು ಹೊಲ್ದ್ಬಿಡ್ತೀನಿ" ಅಂದ.

ಅಂದಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಏಳಕ್ಕೆ ಕ್ವಾರಿಯ ಅಂಚಿನ ಹುಣಸೆಮರದ ಕೆಳಗೆ ಮುನಿಶಾಮಿ ಮೀನಿನೊಳಗೆ ಮಲಗುತ್ತಿದ್ದ. ಅಮೀರ್ ಪಕ್ಕದಲ್ಲಿ ಕೂತು ಬಾಲದಿಂದ ಗಂಟಲವರೆಗೆ ಹೊಲಿಯುತ್ತಿದ್ದ. ಅರ್ಧ ಗಂಟೆ ಹಿಡಿಯುತ್ತಿತ್ತು. ಮಧ್ಯಾಹ್ನ ಬಿಚ್ಚಿ, ಊಟವಾದ ಮೇಲೆ ಮತ್ತೆ ಹೊಲಿಗೆ. ಆ ಹೊತ್ತಿನಲ್ಲಿ ಮುನಿಶಾಮಿಯ ಬಾಯಿ ನಿಲ್ಲುತ್ತಿರಲಿಲ್ಲ. ಬೆನ್ಸನ್ ಟೌನಿನ ಬಂಗಲೆಯ ಬಾವಿಯಿಂದ ಒಂದು ಹಲ್ಲಿನ ಸೆಟ್ಟು ಎತ್ತಿಕೊಟ್ಟದ್ದು, ಅದು ತಮ್ಮದಲ್ಲವೆಂದು ಮನೆಯವರೆಲ್ಲ ಹಟ ಹಿಡಿದದ್ದು. ಇನ್ನೊಂದು ಕಡೆ ಹೊಲಿಗೆ ಮಷೀನೇ ಸಿಕ್ಕಿದ್ದು.

"ಬಾವೀಲಿ ಹೊಲಿಗೆ ಮಷೀನಾ?"

"ಅತ್ತೆ ಸೊಸೆ ಜಗಳ ಭಾಯ್. ಯಾರು ಎಸೆದ್ರು ಅಂತ ಇಬ್ರೂ ಹೇಳ್ಲಿಲ್ಲ."

ಅಮೀರ್ ನಗುತ್ತ ಒಂದು ಹೊಲಿಗೆ ತಪ್ಪಿಸಿ ಮತ್ತೆ ಹಾಕುತ್ತಿದ್ದ. ಚಹಾ ಬಂದರೆ ಹಲ್ಲುಗಳ ನಡುವೆ ಲೋಟ ತೂರಿಸಿ ಕುಡಿಸುತ್ತಿದ್ದ. ತಾನೂ ಕಮರುನ್ನೀಸಾಳ ಮಾತು ತೆಗೆಯುತ್ತಿದ್ದ. ಅವಳಿಗೆ ಮೀನಿನ ವಾಸನೆ ಆಗುತ್ತಿರಲಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳುವ ಸಂದರ್ಭವೇ ಬಂದಿರಲಿಲ್ಲ. ಆ ಹತ್ತು ದಿನಗಳಲ್ಲಿ ಆಡಿದಷ್ಟು ಮಾತನ್ನು ಅವನು ಎಂಟು ವರ್ಷಗಳಲ್ಲಿ ಆಡಿರಲಿಲ್ಲ.

ಮೀನಿನೊಳಗಿದ್ದವನಿಗೆ ತಾನಾಗಿ ದಡ ಹತ್ತಲು ಆಗದು. ಅದಕ್ಕೆ ಕಿವಿರಿನ ಸಂದಿಯಿಂದ ತುದಿಯನ್ನು ಒಳಗೆ ತೂರಿಸಿ ಹಗ್ಗ ಕಟ್ಟಿ, ಶಾಟ್ ಮುಗಿದಮೇಲೆ ಎಳೆದುಕೊಳ್ಳುತ್ತಿದ್ದರು. ಹಗ್ಗ ಹಿಡಿಯುವ ಕೆಲಸವನ್ನು ಅಮೀರ್ ತಾನೇ ಕೇಳಿ ಪಡೆದಿದ್ದ. ಬಾವಿಯಲ್ಲಿ ಮಾಡುತ್ತಿದ್ದ ಹಾಗೆ ಮುನಿಶಾಮಿ ಮುಳುಗಿದೊಡನೆ ಒಳಗಿನಿಂದ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದ. ಸರಿಯಾಗಿದ್ದೇನೆ ಎಂದು ಅದರ ಅರ್ಥ.

ಒಂದು ವಿಷಯ ಅಮೀರ್‌ಗೆ ಮೂರನೆಯ ದಿನವೇ ತಿಳಿದಿತ್ತು. ಫೋಮ್ ನೀರು ಕುಡಿಯುತ್ತಿತ್ತು. ಸಂಜೆ ಮೀನನ್ನು ಹುಣಸೆಕೊಂಬೆಗೆ ನೇತುಹಾಕಿದರೆ ಬೆಳಿಗ್ಗೆಯೂ ಬಾಲದಿಂದ ತೊಟ್ಟಿಕ್ಕುತ್ತಿತ್ತು. ದಿನದಿಂದ ದಿನಕ್ಕೆ ಎಳೆಯುವಾಗ ತೋಳು ಹೆಚ್ಚು ನೋಯುತ್ತಿತ್ತು. ಫೋಮ್ ತೆಗೆದು ಥರ್ಮಾಕೋಲ್ ತುಂಬಿದರೆ ತೇಲುತ್ತದೆ, ಆದರೆ ಮೈ ಗಂಟುಗಂಟಾಗಿ ಕಾಣುತ್ತದೆ. ಜೀವ ಇದೆ ಎಂದವನು ಆಮೇಲೆ ಏನನ್ನುತ್ತಾನೋ. ಇನ್ನು ಕೆಲವೇ ದಿನ ತಾನೇ ಎಂದುಕೊಂಡು ಸುಮ್ಮನಿದ್ದ.

ಹನ್ನೊಂದನೆಯ ದಿನ ಮೀನು ನಾಯಕಿಯ ದೋಣಿಯ ಮೇಲೆರಗುವ ದೃಶ್ಯ. ಮೊದಲ ಎರಡು ಟೇಕ್ ಮಧುಕರ್‌ಗೆ ಹಿಡಿಸಲಿಲ್ಲ. ಮೂರನೆಯದರಲ್ಲಿ ಮೀನು ದೋಣಿಯ ಪಕ್ಕದಲ್ಲಿ ಎದ್ದು, ಬಾಯಿ ತೆರೆದು, ಒಂದು ಮಗ್ಗುಲಿಗೆ ವಾಲಿ ಮುಳುಗಿತು. ಹಗ್ಗ ಒಮ್ಮೆ ಜಗ್ಗಿತು. ಅಮೀರ್ ಎರಡನೆಯದಕ್ಕೆ ಕಾದ. ಮೀನು ಮತ್ತೆ ಮೇಲೆ ಬಂದು ಹುಚ್ಚೆದ್ದಂತೆ ಹೊರಳಿತು, ಬಾಲ ನೀರನ್ನು ಬಡಿಯಿತು. ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು. "ಸೂಪರ್! ಹಂಗೇ ಹೋಗ್ಲಿ!" ಎಂದು ಮಧುಕರ್ ಕೂಗಿದ. ಮೀನು ಮುಳುಗಿತು. ಹಗ್ಗ ಅಲುಗಲಿಲ್ಲ.

"ಅವನು ಮುಳುಗ್ತಾ ಇದಾನೆ! ಎಳೀರಿ! ಯಾ ಅಲ್ಲಾ, ಎಳೀರೋ!"

ಅಮೀರ್‌ಗೆ ಈಜು ಬಾರದು. ಆದರೂ ಹಗ್ಗ ಹಿಡಿದುಕೊಂಡೇ ಕುತ್ತಿಗೆಯವರೆಗೆ ನೀರಿಗಿಳಿದ. ಒಬ್ಬನಿಂದ ಆಗುವ ಭಾರವಾಗಿರಲಿಲ್ಲ ಅದು. ಕೆಂಪರಾಜ್ ಷೂ ಹಾಕಿಕೊಂಡೇ ಧುಮುಕಿದರು, ಆಮೇಲೆ ಉಳಿದವರೂ ಬಂದರು. ಆರು ಜನ ಸೇರಿ ಮೀನನ್ನು ಬಂಡೆಯ ಮೇಲೆ ಎಳೆದುಕೊಂಡರು. ದಾರ ಬಿಚ್ಚಲು ಹೊತ್ತಿರಲಿಲ್ಲ. ಅಮೀರ್ ಸೊಂಟದಲ್ಲಿದ್ದ ರೆಕ್ಸಿನ್ ಕೊಯ್ಯುವ ಚೂರಿ ತೆಗೆದು ಗಂಟಲಿನಿಂದ ಬಾಲದವರೆಗೆ ಸೀಳಿದ. ಫೋಮಿನ ನೀರು ಹೊಳೆಯಂತೆ ಹರಿಯಿತು. ಅದರ ಜೊತೆ ಮುನಿಶಾಮಿ ಹೊರಗೆ ಜಾರಿದ. ತುಟಿ ನೀಲಿಯಾಗಿತ್ತು. ಯಾರೋ ಬೋರಲು ಮಲಗಿಸಿ ಬೆನ್ನು ಒತ್ತಿದರು. ಬಹಳ ಹೊತ್ತಾದಂತೆ ಅನ್ನಿಸಿದ ಮೇಲೆ ಅವನು ಕೆಮ್ಮಿದ.

ಮಧುಕರ್ ಬಂಡೆಯ ಮೇಲೆ ಕುಸಿದು ಕೂತಿದ್ದ. "ಇದಾನಾ? ಉಸಿರಿದೆಯಾ?" ಎಂದು ಅದನ್ನೇ ಕೇಳುತ್ತಿದ್ದ. ಕೆಂಪರಾಜ್ ಮುನಿಶಾಮಿಯನ್ನು ಜೀಪಿನಲ್ಲಿ ಹಾಕಿಕೊಂಡು ಕೆ.ಆರ್. ಪುರದ ನರ್ಸಿಂಗ್ ಹೋಮಿಗೆ ಹೋದರು. ಅಮೀರ್‌ಗೆ ಜೀಪು ಹತ್ತುವ ಧೈರ್ಯ ಬರಲಿಲ್ಲ.

ಮುನಿಶಾಮಿ ಎರಡು ದಿನದಲ್ಲಿ ಮನೆಗೆ ಹೋದನೆಂದು ತಿಳಿಯಿತು. ಉಳಿದ ದೃಶ್ಯಗಳನ್ನು ಬರೀ ಮೀನಿನ ತಲೆ ಇಟ್ಟುಕೊಂಡು ತೆಗೆದರು. ಹಲಸೂರಿಗೆ ಹೋಗಿ ನೋಡಿಕೊಂಡು ಬರಬೇಕೆಂದು ಅಮೀರ್ ಎಷ್ಟೋ ಸಲ ಅಂಗಡಿಯ ಬಾಗಿಲೆಳೆದ. ಹೋದರೆ ಫೋಮಿನ ಮಾತು ಹೇಳಲೇಬೇಕು. ಬಸ್ ನಿಲ್ದಾಣದವರೆಗೆ ನಡೆದು ವಾಪಸು ಬರುತ್ತಿದ್ದ. ಹೀಗೆ ಏಳು ತಿಂಗಳು ಕಳೆಯಿತು.

ಅಕ್ಟೋಬರ್‌ನಲ್ಲಿ ಸಿನಿಮಾ ಬಂತು. ಹಲಸೂರಿನ ಒಂದು ಥಿಯೇಟರಿನಲ್ಲಿ ಮಾತ್ರ, ಬೆಳಗಿನ ಆಟ. ಅಮೀರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಮುನಿಶಾಮಿಯೂ ಬಂದಿರಬಹುದೆಂದು ಸಾಲುಸಾಲು ನೋಡಿದ. ಬಂದಿರಲಿಲ್ಲ. ಇದ್ದವರು ನಲವತ್ತು ಜನ. ಮೀನು ಮೊದಲ ಸಲ ಕಾಣಿಸಿದ್ದೇ ಥಿಯೇಟರೆಲ್ಲ ನಕ್ಕಿತು.

"ಲೋ ಮಗಾ, ಆಟೊ ಸೀಟು ಕಣೋ ಅದು!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮೀಟ್ರು ಹಾಕೋ ಗುರು!"

ಅಮೀರ್ ಸೀಟಿನಲ್ಲಿ ಕುಗ್ಗಿ ಕೂತ. ಮೀನು ಬಂದಾಗಲೆಲ್ಲ ನಗು. ಕೆಂಗಂದು ಹೊಟ್ಟೆ ಕಂಡರೆ ಇನ್ನೂ ಜೋರು. ಅರ್ಧದಲ್ಲೇ ಎದ್ದು ಹೋಗೋಣ ಎನ್ನಿಸುವಷ್ಟರಲ್ಲಿ ದೋಣಿಯ ದೃಶ್ಯ ಬಂತು. ಮೀನು ಎದ್ದಿತು, ಬಾಯಿ ತೆರೆಯಿತು, ಒಂದು ಮಗ್ಗುಲಿಗೆ ವಾಲಿತು. ಅದು ಮೂರನೆಯ ಟೇಕ್. ಮಧುಕರ್ ಅದನ್ನೇ ಇಟ್ಟುಕೊಂಡಿದ್ದ.

ಪರದೆಯ ಮೇಲೆ ಮೀನು ಹೊರಳಾಡಿತು. ಥಿಯೇಟರಿನಲ್ಲಿ ನಗು ನಿಂತಿತು. ಮುಂದಿನ ಸಾಲಿನ ಹೆಂಗಸು ಸೆರಗನ್ನು ಬಾಯಿಗೆ ಹಿಡಿದಳು. ಇಡೀ ಚಿತ್ರದಲ್ಲಿ ಅದೊಂದು ನಿಮಿಷ ಮಾತ್ರ ಮೀನು ನಿಜವಾದ ಪ್ರಾಣಿಯಂತೆ ಕಂಡಿತು, ಎಲ್ಲರೂ ಹೆದರಿದರು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿದವನು ಆ ಕತ್ತಲಲ್ಲಿ ಒಬ್ಬನೇ ಇದ್ದ. ಕೊನೆಯಲ್ಲಿ ಹೆಸರುಗಳು ಬಂದವು. ಮುನಿಶಾಮಿಯದೂ ಇರಲಿಲ್ಲ, ಅವನದೂ ಇರಲಿಲ್ಲ.

ಥಿಯೇಟರಿನಿಂದ ನೇರವಾಗಿ ಮುನಿಶಾಮಿಯ ಮನೆ ಹುಡುಕಿಕೊಂಡು ಹೋದ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಆಂಜನಮ್ಮ ಹೊಸ್ತಿಲಲ್ಲಿ ಸೊಪ್ಪು ಸೋಸುತ್ತಿದ್ದವರು ತಲೆಯೆತ್ತಿ, "ಅವ್ನು ಈಗ ಕೆ.ಆರ್. ಪುರದ ಸಂತೇಲಿ ಮೂಟೆ ಹೊರ್ತಾನೆ ಕಣಪ್ಪಾ. ನೀರಿನ ಕೆಲಸ ಬಿಟ್ಬಿಟ್ಟ. ಕೆರೆ ಕಡೀಕೂ ಹೋಗಕಿಲ್ಲ" ಅಂದರು.

ಸಂತೆಯಲ್ಲಿ ಈರುಳ್ಳಿ ಲಾರಿಯ ಪಕ್ಕದಲ್ಲಿ ಮುನಿಶಾಮಿ ಸಿಕ್ಕ. ತಲೆಗೆ ಸುತ್ತಿದ ಗೋಣಿ ತೆಗೆದು, "ಭಾಯ್!" ಎಂದ. ಇಬ್ಬರೂ ಚಹಾದಂಗಡಿಯ ಬೆಂಚಿನ ಮೇಲೆ ಕೂತರು. ಹಳೇ ಮದ್ರಾಸ್ ರಸ್ತೆಯ ಲಾರಿಗಳ ಸದ್ದಿನಲ್ಲಿ ಅಮೀರ್ ಎರಡು ಸಲ ಶುರುಮಾಡಿ ನಿಲ್ಲಿಸಿದ. ಮೂರನೆಯ ಸಲಕ್ಕೆ ಹೇಳಿದ.

"ಫೋಮು ನೀರು ಹಿಡೀತಿತ್ತು, ಮುನಿಶಾಮಿ. ನಂಗೆ ಮೊದಲೇ ಗೊತ್ತಿತ್ತು. ತೆಗೆದ್ರೆ ಮೀನು ಚೆನ್ನಾಗಿ ಕಾಣಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

ಮುನಿಶಾಮಿ ಚಹಾ ಮುಗಿಸಿ ಲೋಟವನ್ನು ಕೆಳಗಿಟ್ಟ.

"ಒಳಗಿದ್ದೋನು ನಾನು ಭಾಯ್. ಭಾರ ಆಗ್ತಿದ್ದಿದ್ದು ನಂಗೆ ಗೊತ್ತಾಗ್ತಿರ್ಲಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇರೆ ಮೀನು ಮಾಡ್ತಿದ್ರು. ಒಳ್ಳೆ ಜಿಪ್ ತಂದು ಹಾಕ್ತಿದ್ರು, ನೀವು ಕೂತು ಹೊಲಿಯೋದು ತಪ್ಪೋದು." ರಸ್ತೆಯ ಕಡೆ ನೋಡಿದ. "ಮನೇಲಿ ಯಾರಿದ್ರು ಭಾಯ್ ನಂಜೊತೆ ಮಾತಾಡಕ್ಕೆ?"

ಅಮೀರ್ ಇನ್ನೆರಡು ಚಹಾ ಹೇಳಿದ. ಲೋಟ ಕೈಗೆ ಬಂದಮೇಲೆ ಮುನಿಶಾಮಿ ಕೇಳಿದ: "ಸಿನಿಮಾ ನೋಡಿದ್ರಾ? ನಾ ಮುಳುಗಿದ್ದನ್ನ ಹಂಗೇ ಇಟ್ಟಿದಾರಂತೆ, ಹೌದಾ?"

"ಹೂಂ."

"ಜನ ನಕ್ರಾ?"

"ಬೇರೆ ಕಡೆ ನಕ್ರು. ಅಲ್ಲಿ ಯಾರೂ ನಗ್ಲಿಲ್ಲ."

ಮುನಿಶಾಮಿ ಸುಮ್ಮನೆ ತಲೆಯಾಡಿಸಿದ. ಅದು ಸಮಾಧಾನವೋ ಬೇಸರವೋ ಅಮೀರ್‌ಗೆ ತಿಳಿಯಲಿಲ್ಲ. ದೀಪಾವಳಿಗೆ ಮಾಲೂರಿಗೆ ಹೋಗುತ್ತೇನೆ, ಹೆಂಡತಿಯ ಅಣ್ಣ ಇಟ್ಟಿಗೆ ಗೂಡಿನಲ್ಲಿ ಕೆಲಸ ಕೊಡಿಸುತ್ತಾನಂತೆ, ಎಂದು ಹೇಳಿದ. "ಶಿವಾಜಿನಗರದ ಕಡೆ ಬಂದ್ರೆ ಬಾ" ಎಂದು ಅಮೀರ್ ಕರೆದ. "ಬರ್ತೀನಿ ಭಾಯ್, ಬರ್ದೆ ಇರ್ತೀನಾ" ಎಂದವನು ಗೋಣಿ ಸುತ್ತಿಕೊಂಡು ಲಾರಿಯ ಕಡೆ ನಡೆದ.

ಅವನು ಬರಲಿಲ್ಲ. ಅಮೀರ್ ಬಹಳ ದಿನ ಕಾದ, ಆಮೇಲೆ ಕಾಯುವುದನ್ನು ಬಿಟ್ಟ. ಮಾಲೂರಿನಲ್ಲಿ ಯಾವ ಗೂಡು ಎಂದು ಕೇಳಿಟ್ಟುಕೊಳ್ಳಬೇಕಿತ್ತು ಎಂದು ಹೊಲಿಯುತ್ತ ಹೊಲಿಯುತ್ತ ನೆನೆಯುತ್ತಿದ್ದ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಗಲ್ಲಿಯ ತುದಿಯ ಹೋಟೆಲಿನ ಟಿವಿಯಲ್ಲಿ ಕೇಬಲ್‌ನವರು 'ವಿಷಮೀನು' ಹಾಕಿದ್ದರು. ನಾಲ್ಕೈದು ಜನ ನಗುತ್ತ ನೋಡುತ್ತಿದ್ದರು. ದೋಣಿಯ ದೃಶ್ಯ ಬಂದಾಗ, ಚಹಾಕ್ಕೆ ಬಂದಿದ್ದ ಅಮೀರ್ ತನ್ನ ಪಕ್ಕದಲ್ಲಿ ಕೂತವನ ಕಡೆ ತಿರುಗಿದ. ಯಾರೋ ಗುರುತಿಲ್ಲದವನು, ಬನ್ನನ್ನು ಚಹಾದಲ್ಲಿ ಅದ್ದುತ್ತಿದ್ದ.

"ಅದರೊಳಗೆ ಮನುಷ್ಯ ಇದಾನೆ" ಅಂದ ಅಮೀರ್.

"ಗೊತ್ತು ಬಿಡಿ ಭಾಯ್. ಅಷ್ಟು ದೊಡ್ಡ ಮೀನು ಎಲ್ಲಿರುತ್ತೆ?"

"ಅವನ ಹೆಸರು ಮುನಿಶಾಮಿ."

ಆ ಮನುಷ್ಯ "ಹೌದಾ?" ಎಂದು ಒಂದು ಕ್ಷಣ ಅವನ ಮುಖ ನೋಡಿ, ಮತ್ತೆ ಟಿವಿಯ ಕಡೆ ತಿರುಗಿದ. ಅಂಗಡಿಯ ಮುಂದೆ ಆಟೊ ಬಂದು ಹಾರ್ನ್ ಹೊಡೆಯುತ್ತಿತ್ತು. ಅಮೀರ್ ಎದ್ದು ಹೋದ.