ಮಗಳನ್ನು ಕೇಳದೆ ತಂದ ಕಂಪ್ಯೂಟರ್

ಚಳ್ಳಕೆರೆ ಸುತ್ತಮುತ್ತ ಬೋರ್‌ವೆಲ್ ಮೋಟರ್ ಸುಟ್ಟಿತೆಂದರೆ ಜನ ಮೊದಲು ನೆನೆಯುತ್ತಿದ್ದುದು ಲಾಲ್ ಸಾಬರನ್ನು. ಕರೆಂಟು ಯಾವಾಗ ಬರುತ್ತದೋ, ಯಾವಾಗ ಹೋಗುತ್ತದೋ ಹೇಳಲಾಗದ ಸೀಮೆ. ಪರಶುರಾಂಪುರದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಮೋಟರ್ ಹೇರಿಕೊಂಡು ಬಂದವರು ಅವರ ಅಂಗಡಿ ಮುಂದೆ ಕಾಯುತ್ತಾ ಕೂತಿರುತ್ತಿದ್ದರು. ಲಾಲ್ ಸಾಬರು ಸುಟ್ಟ ತಂತಿ ಬಿಚ್ಚಿ, ಹೊಸ ತಂತಿ ಸುತ್ತಿ, ಮೋಟರ್ ತಿರುಗಿಸಿ ತೋರಿಸುತ್ತಿದ್ದರು. ಬಿಚ್ಚಿದ್ದನ್ನು ಜೋಡಿಸದೆ ಬಿಟ್ಟವರಲ್ಲ. ಆ ಹೆಮ್ಮೆ ಅವರಿಗಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಅವರ ದೊಡ್ಡ ಮಗಳು ಶಮಾ ಬಿಸಿಎ ಕೊನೆಯ ವರ್ಷಕ್ಕೆ ಬಂದಳು. ಆ ವರ್ಷ ಒಂದು ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕು. ಕಾಲೇಜಿನ ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿನ ಮುಂದೂ ನೂಕುನುಗ್ಗಲು.

"ಅಬ್ಬಾ, ಮನೇಲೇ ಒಂದಿದ್ರೆ ಚೆನ್ನಾಗಿತ್ತು" ಎಂದು ತಂದೆಗೆ ಹೇಳಿದಳು. ಲಾಲ್ ಸಾಬರು ಇಲ್ಲವೆನ್ನಲಿಲ್ಲ. ಮಗಳ ಓದಿಗೆ ಅವರು ಎಂದೂ ಇಲ್ಲವೆಂದವರಲ್ಲ.

ಎದುರು ಮನೆಯಲ್ಲಿ ಬಾಡಿಗೆಗಿದ್ದ ಸೌಂದರ್ಯ ಅದೇ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಸುದ್ದಿ ತಿಳಿದು ತಾನಾಗಿಯೇ ಬಂದು ಕೂತಳು.

"ಸಾಬ್ರೇ, ತಗೊಳ್ಳೋಕೆ ಮುಂಚೆ ಶಮಾನ ಕೇಳ್ರಿ. ಅವಳ ಪ್ರಾಜೆಕ್ಟಿಗೆ ಯಾವ ಸಾಫ್ಟ್‌ವೇರ್ ಬೇಕು, ಅದು ಓಡೋಕೆ ಮೆಮೊರಿ ಎಷ್ಟಿರಬೇಕು, ಎಲ್ಲಾ ಅವಳಿಗೆ ಗೊತ್ತೈತೆ. ಯುಪಿಎಸ್ ಮಾತ್ರ ಬಿಡಬ್ಯಾಡ್ರಿ. ಸೀಡಿ ಬರೆಯೋ ಡ್ರೈವ್ ಇರ್ಲಿ. ಮಾಡಿದ ಕೆಲಸಾನ ಸೀಡಿಗೆ ಹಾಕಿ ಬ್ಯಾರೆ ಕಡೆ ಇಟ್ಕೋಬೋದು."

"ಯುಪಿಎಸ್ ಯಾಕಮ್ಮ? ಸ್ಟೆಬಿಲೈಜರ್ ನಾನೇ ಸುತ್ತಿ ಕೊಡ್ತೀನಿ."

"ಸ್ಟೆಬಿಲೈಜರ್ ವೋಲ್ಟೇಜ್ ಸರಿ ಮಾಡ್ತೈತೆ. ಕರೆಂಟೇ ಹೋದ್ರೆ ಏನ್ ಮಾಡ್ತೈತ್ರಿ? ಯುಪಿಎಸ್ ಇದ್ರೆ ಕೆಲಸ ಉಳಿಸ್ಕೊಂಡು ಬಂದ್ ಮಾಡೋವಷ್ಟು ಹೊತ್ತಾದ್ರೂ ಸಿಗ್ತೈತೆ."

"ನನ್ನ ಗಡ್ಡ ಬೆಳ್ಳಗಾಗಿದ್ದೇ ಕರೆಂಟಿನ ಜೊತೆ ಕಣಮ್ಮ" ಎಂದು ನಕ್ಕರು ಲಾಲ್ ಸಾಬರು. ಚಾ ಹಿಡಿದು ನಿಂತಿದ್ದ ಶಮಾ ಏನೋ ಹೇಳಲು ಬಾಯಿ ತೆರೆದಳು. "ಚಾ ಆರ್ತೈತೆ, ಮೇಡಮ್ಮೋರಿಗೆ ಕೊಡು" ಎಂದರು. ಅವಳು ಕೊಟ್ಟು ಒಳಗೆ ಹೋದಳು.

ಮಾರನೇ ದಿನ ಒಬ್ಬರೇ ಹೋಗಿ ಗೆಳೆಯ ಜಂಬುಲಿಂಗಪ್ಪನ ಅಂಗಡಿಯಲ್ಲಿ ಕೂತರು. ಫ್ಯಾನು, ಮಿಕ್ಸಿ ಮಾರುತ್ತಿದ್ದ ಜಂಬುಲಿಂಗಪ್ಪ ಆಗಷ್ಟೇ ಹಳೇ ಕಂಪ್ಯೂಟರುಗಳನ್ನೂ ತಂದಿಟ್ಟಿದ್ದ.

"ಲೇ ಲಾಲೂ, ಇದು ನೋಡಲೇ. ಬೆಂಗಳೂರಿನ ಆಫೀಸಿಂದ ಬಂದಿದ್ದು. ಸ್ಕ್ರೀನ್ ಎಷ್ಟಗಲ ಐತೆ!" ಎಂದು ಹಾಡು ಹಾಕಿದ. ಸ್ಪೀಕರಿನ ಸದ್ದಿಗೆ ಕಪಾಟಿನ ಗಾಜು ನಡುಗಿತು.

"ಗ್ಯಾರಂಟಿ?"

"ನಾನಿಲ್ವೇನಲೇ? ನಮ್ಮಿಬ್ಬರ ನಡುವೆ ಬಿಲ್ಲು ಬ್ಯಾರೆ ಬೇಕಾ?"

ಅವನು ಮೋಸಗಾರನಲ್ಲ. ಅವನಿಗೆ ತಿಳಿದದ್ದೂ ಅಷ್ಟೇ. ಲಾಲ್ ಸಾಬರು ಪೆಟ್ಟಿಗೆಯನ್ನು ಎತ್ತಿ ನೋಡಿದರು. ತೂಕವಾಗಿತ್ತು. ಮೋಟರಿನಲ್ಲಿ ತೂಕವಿದ್ದರೆ ಒಳಗೆ ತಾಮ್ರ ಚೆನ್ನಾಗಿದೆ ಎಂದು ಅರ್ಥ. ಒಳ್ಳೇ ಮಾಲು ಎಂದುಕೊಂಡು ಆಟೋದಲ್ಲಿ ಹಾಕಿಸಿಕೊಂಡು ಬಂದರು.

ಹೆಂಡತಿ ರೋಷನ್ ಬೀ ಅದಕ್ಕೆ ಕಸೂತಿ ಬಟ್ಟೆ ಹೊದಿಸಿದರು. ಶಮಾ ಅದರ ಹಿಂದೆ ಮುಂದೆ ನೋಡಿದಳು.

"ಚೆನ್ನಾಗೈತಾ ಬೇಟಿ?"

"ಚೆನ್ನಾಗೈತೆ ಅಬ್ಬಾ" ಎಂದಳು, ಸ್ವಲ್ಪ ತಡೆದು. ಆ ತಡೆಯನ್ನು ಅವರು ಆಗ ಗಮನಿಸಲಿಲ್ಲ.

ಕಂಪ್ಯೂಟರ್ ಆಮೆಯಂತೆ ನಡೆಯಿತು. ಕರೆಂಟು ಹೋದಾಗಲೆಲ್ಲ ಆರಿಹೋಗುತ್ತಿತ್ತು. ಶಮಾ ಮತ್ತೆ ಮೊದಲಿನಿಂದ ಬರೆಯುತ್ತಿದ್ದಳು. ಕೆಲಸದ ನಕಲು ತೆಗೆಯಲು ಫ್ಲಾಪಿ ಹಾಕಿದರೆ ಅದನ್ನು ಓದುತ್ತಿರಲಿಲ್ಲ. ಸೀಡಿ ಬರೆಯುವ ಡ್ರೈವ್ ಇರಲಿಲ್ಲ. ಹಾಗಾಗಿ ಅವಳ ದುಡಿಮೆಯೆಲ್ಲ ಆ ಒಂದೇ ಪೆಟ್ಟಿಗೆಯಲ್ಲಿತ್ತು.

ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಾಗ, ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದು, ಬಂದು ಹೋಗಿ ಕಣ್ಣಾಮುಚ್ಚಾಲೆ ಆಡಿತು. ಆಮೇಲೆ ಕಂಪ್ಯೂಟರ್ ಏಳಲೇ ಇಲ್ಲ. ಒಳಗಿನಿಂದ ಟಕ್ ಟಕ್ ಸದ್ದು ಮಾತ್ರ.

"ಮೇಡಂನ ಕರ್ಕೊಂಡು ಬರ್ತೀನಿ. ಅಬ್ಬಾ, ಮುಟ್ಟಬ್ಯಾಡ" ಎಂದು ಶಮಾ ಓಡಿದಳು.

ಅವಳ ಮುಖ ನೋಡಿ ಲಾಲ್ ಸಾಬರಿಗೆ ಸುಮ್ಮನೆ ಕೂರಲಾಗಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡರು. ಇಬ್ಬರೂ ಬರುವಷ್ಟರಲ್ಲಿ, ಅವಳ ಕೆಲಸವೆಲ್ಲ ಇದ್ದ ಹಾರ್ಡ್ ಡಿಸ್ಕು ಅವರ ತೊಡೆಯ ಮೇಲೆ ಮುಚ್ಚಳ ತೆರೆದು ಕೂತಿತ್ತು. ಒಳಗೆ ಕನ್ನಡಿಯಂಥ ತಟ್ಟೆ. ಅದರ ಮೇಲೆ ಅವರ ಎಣ್ಣೆಗೈಯ ಹೆಬ್ಬೆರಳಿನ ಗುರುತು.

"ಇದ್ರೊಳಗೆ ಸುತ್ತೋಕೆ ಏನೂ ಇಲ್ವಲ್ಲಮ್ಮ" ಎಂದರು. ಸೌಂದರ್ಯ ಬಾಗಿಲಲ್ಲೇ ನಿಂತುಬಿಟ್ಟಳು.

ತಂದೆ ಮಗಳು ಅದನ್ನು ದಾವಣಗೆರೆಗೆ ಒಯ್ದರು. ರಿಪೇರಿಯವನು ನೋಡಿದ ಕೂಡಲೇ ಕೇಳಿದ, "ಇದನ್ನ ಬಿಚ್ಚಿದ್ದು ಯಾರು? ಬಿಚ್ಚದಿದ್ರೆ ಒಳಗಿನ ಕೆಲಸ ಒಂದಿಷ್ಟಾದ್ರೂ ತೆಗೀಬೋದಿತ್ತೇನೋ. ಆ ತಟ್ಟೆಗೆ ಧೂಳು, ಬೆರಳು ತಾಗಿದ್ರೆ ಮುಗೀತು."

ಲಾಲ್ ಸಾಬರು ತಮ್ಮ ಹೆಬ್ಬೆರಳು ನೋಡಿಕೊಂಡರು.

"ನಾನೇ ಸರ್" ಎಂದಳು ಶಮಾ.

"ಕಂಪ್ಯೂಟರ್ ಓದೋ ಹುಡುಗಿ, ಅಷ್ಟೂ ಗೊತ್ತಾಗಲ್ವೇನಮ್ಮ?" ಎಂದು ಅವನು ಗದರಿದ. ಮಗಳು ತಲೆ ತಗ್ಗಿಸಿ ಬೈಸಿಕೊಂಡಳು. ತಂದೆ ಪಕ್ಕದಲ್ಲೇ ನಿಂತಿದ್ದರು.

ಆ ವರ್ಷ ಶಮಾಳಿಗೆ ಪ್ರಾಜೆಕ್ಟ್ ಒಪ್ಪಿಸಲಾಗಲಿಲ್ಲ. ಎಂಸಿಎ ಪ್ರವೇಶ ಪರೀಕ್ಷೆಯಲ್ಲಿ ಸೀಟು ಸಿಗುವಷ್ಟು ಅಂಕ ಬಂದಿತ್ತು. ಡಿಗ್ರಿ ಮುಗಿಯದೆ ಅದೂ ಕೈತಪ್ಪಿತು. ಮರುವರ್ಷ ಪಾಸಾದಳು. ಆದರೆ ಪ್ರವೇಶ ಪರೀಕ್ಷೆಗೆ ಮತ್ತೆ ಕೂರಲಿಲ್ಲ. ಊರಿನ ಟೈಪಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದಳು.

"ಇನ್ನೊಂದ್ಸಲ ಬರೀ ಬೇಟಿ" ಎಂದರೆ, "ಹೋಗ್ಲಿ ಬಿಡು ಅಬ್ಬಾ" ಎನ್ನುತ್ತಿದ್ದಳು. ಒಂದು ದಿನವೂ ಅವಳು ಅವರನ್ನು ದೂರಲಿಲ್ಲ. ಬೈದಿದ್ದರೆ ಎದೆ ಹಗುರಾಗುತ್ತಿತ್ತೇನೋ.

ಆಮೇಲೆ ಶಮಾಳ ತಮ್ಮ ಶಹನವಾಜ್ ಬಿಕಾಂ ಸೇರಿದ. ಅವನಿಗೂ ಕಂಪ್ಯೂಟರ್ ಬೇಕಾಯಿತು.

"ಹೊಸದು, ಯುಪಿಎಸ್ಸು ಅಂತ ಯಾಕ್ರಿ ಅಷ್ಟೊಂದು ಖರ್ಚು? ಯಾರಾದ್ರೂ ಬಳಸಿದ ಹಳೇದೇ ಸಾಲದಾ?" ಎಂದರು ರೋಷನ್ ಬೀ.

"ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಶಮಾ ಹೇಳ್ತಾಳೆ" ಎಂದರು ಲಾಲ್ ಸಾಬರು.

ಶಮಾ ತಮ್ಮನನ್ನೇ ಮೊದಲು ಕೇಳಿದಳು. "ನಿಮಗೆ ಏನೇನು ಕಲಿಸ್ತಾರೆ?"

"ಟ್ಯಾಲಿ, ಟೈಪಿಂಗ್, ಆಮೇಲೆ ಎಕ್ಸೆಲ್, ಆಪಾ."

"ಹಂಗಾದ್ರೆ ದೊಡ್ಡ ಮಿಷನ್ ಬ್ಯಾಡ. ದೊಡ್ಡ ಸ್ಕ್ರೀನೂ ಬ್ಯಾಡ. ಅದರಲ್ಲಿ ಉಳಿಯೋ ದುಡ್ಡಲ್ಲೇ ಯುಪಿಎಸ್ ಬರ್ತೈತೆ ಅಮ್ಮಿ."

ರೋಷನ್ ಬೀ ಒಪ್ಪಿಕೊಂಡರು. ಅಂಗಡಿಯಲ್ಲಿ ಶಮಾ ಒಂದೊಂದೇ ಕೇಳುತ್ತಾ ಹೋದಳು: ವಾರಂಟಿ ಎಷ್ಟು ವರ್ಷ, ಕೆಟ್ಟರೆ ಮನೆಗೆ ಬಂದು ನೋಡ್ತೀರಾ, ಬಿಲ್ಲಿನಲ್ಲಿ ಒಳಗಿನ ಭಾಗಗಳ ಹೆಸರು ಬರೀತೀರಾ. ಅಂಗಡಿಯವನು ಎದ್ದು ನಿಂತು ಉತ್ತರ ಹೇಳಿದ. ಲಾಲ್ ಸಾಬರು ಚೀಲ ಹಿಡಿದು ಹಿಂದೆ ನಿಂತಿದ್ದರು. ಇಷ್ಟೆಲ್ಲ ಅವಳಿಗೆ ಅಂದೂ ಗೊತ್ತಿತ್ತು. ಕೇಳಿದ್ದರೆ ಅಂದೂ ಹೇಳುತ್ತಿದ್ದಳು. ಅವರ ಕಣ್ಣು ಮಂಜಾಯಿತು.

ಅಪ್ಪಂದಿರೇ, ಅವ್ವಂದಿರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗನೋ ಮಗಳೋ ಇರಬಹುದು. ಕಂಪ್ಯೂಟರ್ ಕೊಳ್ಳುವ ಮುಂಚೆ ಅವರ ಓದಿಗೆ ಏನು ಬೇಕೆಂದು ಅವರನ್ನೂ ಅವರ ಮೇಷ್ಟರನ್ನೂ ಕೇಳಿ. ಅಂಗಡಿಗೆ ಅವರನ್ನೇ ಮುಂದೆ ಕಳಿಸಿ. ಯುಪಿಎಸ್ ಬಿಡಬೇಡಿ, ಬಿಲ್ಲು ಮತ್ತು ವಾರಂಟಿ ಇಲ್ಲದೆ ಮನೆಗೆ ತರಬೇಡಿ. ಮಕ್ಕಳು ಮಾಡಿದ ಕೆಲಸದ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಕೆಟ್ಟರೆ ಬಲ್ಲವರ ಕೈಗೇ ಕೊಡಿ. ಕೆಟ್ಟ ಕಂಪ್ಯೂಟರನ್ನು ಬದಲಾಯಿಸಬಹುದು. ಶಮಾಳಿಗೆ ಆ ವರ್ಷವನ್ನು ಯಾರಿಂದಲೂ ತಂದುಕೊಡಲಾಗಲಿಲ್ಲ.