ಟಗರು ಮೈ ಕೊಡವಿದ ದಿನ

ನಾರ್ವದ ಹತ್ತಿರದ ಒಂದು ಊರು. ಕುರಿಗಾರರ ಸಂಘ ಬೀರಪ್ಪನ ಗುಡಿಯ ಮುಂದೆ ಸೇರಿತ್ತು. ಸಂಘ ಮೊದಲು ಹಿಡಿಯುವ ಕೆಲಸ ಒಂದೇ. ಅದು ಮಂದೆ ಹೊರಡಿಸುವುದೋ, ಕುರಿಗಳಿಗೆ ಬೇನೆಯ ಸೂಜಿ ಹಾಕಿಸುವುದೋ ಎಂದು ಇವತ್ತೇ ತೀರ್ಮಾನವಾಗಬೇಕಿತ್ತು. ಈಗಲೇ ಮಂದೆ ಹೊಡೆದರೆ ಕೃಷ್ಣೆಯ ದಂಡೆಯ ಹುಲ್ಲು ಇವರದು, ತಡವಾದರೆ ಬೇರೆಯವರದು. ಸೂಜಿ ಹಾಕಿಸುವುದಾದರೆ ಹದಿನೈದು ದಿನ ಊರು ಬಿಡುವಂತಿಲ್ಲ. ಪಕ್ಕದೂರಲ್ಲಾಗಲೇ ಜ್ವರ, ಬಾಯಿಹುಣ್ಣಿನ ಹಿರೇಬೇನೆ ಹೊಕ್ಕು ಹಟ್ಟಿಗಳು ಬರಿದಾಗಿದ್ದವು.

"ಮೊದ್ಲು ಸೂಜಿರೀ. ಬೇನೆ ನಮ್ಮ ಬಾಗಲಿಗೆ ಬಂದೈತಿ," ಎಂದಳು ಕಾರ್ಯದರ್ಶಿ ರಜಿತಾ.

"ಸೂಜಿ ತಾರವ್ವ, ಹುಲ್ಲಿನ ಬದ್ಲು ಅದನ್ನ ಮೇಯಿಸೂಣು," ಎಂದ ಅಧ್ಯಕ್ಷ ಯಂಕಣ್ಣ. ಜನ ನಕ್ಕರು. ಕಡೆಗೆ ದೇವರನ್ನೇ ಕೇಳುವುದೆಂದಾಯಿತು.

ಟಗರಿನ ಬೆನ್ನಿಗೆ ಭಂಡಾರದ ನೀರು ಸುರಿದು ಮಾತು ಕೇಳಬೇಕು. ಮೈ ಕೊಡವಿದರೆ ಬೀರಪ್ಪ ಒಪ್ಪಿದಂತೆ. ಆ ಟಗರು ಯಾವಾಗಲೂ ಸತ್ಯಮ್ಮನ ಮನೆಯದು. ಗಂಡ ಹೋದ ಮೇಲೆ ಆ ಮನೆಗೆ ಉಳಿದ ಮರ್ಯಾದೆ ಅದೊಂದೇ. ಅದಕ್ಕೇ, ನಿನ್ನೆಯಿಂದ ಅದು ಮೇವು ಮುಟ್ಟಿಲ್ಲವೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಪೂಜಾರಿ ನಾಗಯ್ಯ ತಂಬಿಗೆ ಎತ್ತಿದ. "ದಂಡಿಗೆ ಹೋಗೋದೇ ಮೊದ್ಲೇನಪ್ಪಾ?"

ಸತ್ಯಮ್ಮನ ಕೈ ಟಗರಿನ ಕೊರಳ ಮೇಲಿತ್ತು. ಕೊರಳು ಕಾದ ಹಂಚಿನ ಹಾಗೆ ಸುಡುತ್ತಿತ್ತು. ನೀರು ಬೀಳುವ ಮೊದಲೇ ಟಗರು ಗಡಗಡ ನಡುಗಿತು; ನೀರು ಬೆನ್ನಿಗೆ ಬಿದ್ದದ್ದು ಆಮೇಲೆ.

"ಒಪ್ಪಿದಾ! ಬೀರಪ್ಪ ಒಪ್ಪಿದಾ!"

ಜನ ಮುಗಿಬಿದ್ದರು. ಟಗರಿನ ಬೆನ್ನಿನ ಹಳದಿ ನೀರನ್ನು ಬಳಿದು ಬಳಿದು ತಂತಮ್ಮ ಕುರಿಗಳ ಹಣೆಗೆ ಹಚ್ಚಿದರು. ಕುರಿಗಳು ಟಗರಿನ ಮೂತಿಗೆ ಮೂತಿ ತಾಗಿಸಿ ಮೂಸಿದವು.

"ತಡೀರೋ!" ಸತ್ಯಮ್ಮ ಕೂಗಿದಳು. "ಅದು ಜ್ವರದ ನಡುಕ. ನಿನ್ನಿಯಿಂದ ಒಂದು ಎಸಳು ತಿಂದಿಲ್ಲ. ನಾ ಮುಚ್ಚಿಟ್ಟೆ, ತಪ್ಪು ನಂದು."

"ಚಳಿಯಾದ್ರ ನಿನ್ನ ಕಂಬಳಿ ಹೊಚ್ಚು, ಅತ್ತೀ," ಎಂದ ಯಂಕಣ್ಣ.

ನಾಗಯ್ಯ ನಗಲಿಲ್ಲ. "ದೇವ್ರು ಕೊಟ್ಟ ಮಾತು ಎರಡನೇ ಸಲ ಕೇಳಬಾರದು, ಸತ್ಯಮ್ಮಾ."

ಮಧ್ಯಾಹ್ನ ಎರಡು ಸಾವಿರ ಕುರಿ ಒಂದೇ ಮಂದೆಯಾಗಿ ಹೊರಟಿತು. ಸತ್ಯಮ್ಮನ ಹಟ್ಟಿಯ ಬಾಯಿಗೆ ಅವಳೂ ರಜಿತಾಳೂ ಜಾಲಿಮುಳ್ಳು ಎಳೆದು ಅರವತ್ತು ಕುರಿಗಳನ್ನು ತಡೆದರು. ಹೊರಟ ಮಂದೆಯ ಗಂಟೆಯ ಸದ್ದು ಹತ್ತಿರವಾಯಿತು. ಹಟ್ಟಿಯೊಳಗಿನ ಮುಂದಾಳು ಕುರಿ ಮುಳ್ಳಿನ ಮೇಲೆ ಹಾರಿತು. ಉಳಿದವು ಅದರ ಬೆನ್ನು ಹಿಡಿದವು. ಗಳಿಗೆಯಲ್ಲಿ ಹಟ್ಟಿ ಬರಿದು.

"ಈಗೇನ್ರೀ ಅಮ್ಮಾ?" ಎಂದಳು ರಜಿತಾ.

"ನೀ ಡಾಕ್ಟರಿಗೆ ಫೋನ್ ಹಚ್ಚು. ನಾ ಹಿಂದ ಹೋಗ್ತೀನಿ. ಬಿದ್ದವನ್ನ ಬ್ಯಾರೆ ಮಾಡಾಕ ಯಾರರ ಬೇಕಲ್ಲ."

ಕಾಲುವೆಯ ಹತ್ತಿರ ಮಂದೆಯ ಕಟ್ಟಕಡೆಯ ಕುರಿ ಮಂಡಿಯೂರಿತು. ಸತ್ಯಮ್ಮ ಅದರ ಬಾಯಿ ಬಿಡಿಸಿ ನೋಡಿದಳು. ಒಳಗೆಲ್ಲ ಹುಣ್ಣು. ಯಾರೋ ನಾಲ್ಕೈದು ದಿನದಿಂದ ಬೇವಿನೆಣ್ಣೆ ಸವರುತ್ತ ಬಂದಿದ್ದರು; ತುಟಿಯ ಮೇಲೆ ಅದು ಕಪ್ಪಗೆ ಪದರು ಕಟ್ಟಿತ್ತು. ಯಾರ ಕುರಿಯೆಂದು ತಿಳಿಯಲು ಕಿವಿಯಲ್ಲಿ ಕೊಯ್ದ ಗುರುತು ನೋಡಿದಳು. ಯಂಕಣ್ಣನ ಗುರುತು.

"ಯಂಕಣ್ಣಾ!" ಎಂದು ಕೂಗಿದಳು. ದೂಳಿನಾಚೆ ಅವನು ತಿರುಗಿ ನೋಡಲಿಲ್ಲ. ಮಂದೆಯನ್ನು ಇನ್ನಷ್ಟು ಜೋರಾಗಿ ಹೊಡೆಯತೊಡಗಿದ.