ಓವನ್ ಬಾಗಿಲ ಕೊಂಡಿ

ಓವನ್ನಿನ ಬಾಗಿಲು ತೆರೆದುಕೊಳ್ಳಲಿಲ್ಲ.

ಬೆಳಿಗ್ಗೆ ಏಳಕ್ಕೆ ಅದನ್ನು ತಾನೇ ಶುಚಿಯಾಗಲು ಬಿಟ್ಟಿದ್ದೆ. ಒಳಗಿನ ಜಿಡ್ಡೆಲ್ಲ ಸುಟ್ಟು ಬೂದಿಯಾಗುವಷ್ಟು ಕಾಯುತ್ತದೆ. ಯಾರೂ ಕೈ ಹಾಕದಿರಲೆಂದು ಆ ಹೊತ್ತು ಬಾಗಿಲಿಗೆ ಬೀಗ ಬೀಳುತ್ತದೆ. ತಣಿದ ಮೇಲೆ ತಾನಾಗಿ ಬಿಡುತ್ತದೆ. ಹನ್ನೆರಡೂವರೆಗೆ ಗಾಜು ತಣ್ಣಗಿತ್ತು. ಬೀಗದ ಕೆಂಪು ದೀಪ ಮಾತ್ರ ಆರಿರಲಿಲ್ಲ.

ಎರಡು ಬೇಸಿನ್ನುಗಳಲ್ಲಿ ಅರವತ್ತು ಬನ್ನಿನ ಹಿಟ್ಟು ಉಬ್ಬುತ್ತಿತ್ತು. ನನ್ನ ಗಂಡ ತೀರಿಕೊಂಡು ಆರು ತಿಂಗಳಾದ ಮೇಲೆ ನಾನು ಒಪ್ಪಿಕೊಂಡ ಮೊದಲ ಆರ್ಡರ್. “ಆಗುತ್ತೋ ಇಲ್ವೋ ಮಧ್ಯಾಹ್ನ ಎರಡರೊಳಗೆ ಹೇಳಿಬಿಡಮ್ಮ,” ಎಂದಿದ್ದರು ಆಸ್ಪತ್ರೆ ಕ್ಯಾಂಟೀನಿನ ಯಜಮಾನರು. “ಇಲ್ಲ ಅಂದ್ರೆ ಬೇರೆ ಬೇಕರಿ ಗೊತ್ತು ಮಾಡ್ತೀನಿ. ಆಮೇಲೆ ಅವರನ್ನ ಬಿಡಿಸೋಕಾಗಲ್ಲ.”

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಮೇನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಹಾಕಿ ಅಕ್ಕ.”

ಮಾಡಿದೆ. ದೀಪ ಮತ್ತೆ ಹೊತ್ತಿತು.

“ಹಾಗಾದ್ರೆ ಬೋರ್ಡ್ ಹೋಗಿದೆ. ಹಳೇ ಮಾಡೆಲ್ಲು, ಗುಜರಿಗೆ ಹಾಕಿ.”

“ಬೋರ್ಡ್ ಹೋಗಿದ್ರೆ ಕ್ಯಾನ್ಸಲ್ ಒತ್ತಿದಾಗ ಮೋಟಾರ್ ಯಾಕೆ ತಿರುಗುತ್ತೆ?”

“ನಾಳೆ ಬಂದು ನೋಡ್ತೀನಿ.”

ನಾಳೆ ನನಗೆ ಬೇಕಿರಲಿಲ್ಲ. ಬಾಗಿಲ ಮೇಲಂಚಿನ ಸಂದಿಗೆ ಟಾರ್ಚ್ ಹಿಡಿದು ಕ್ಯಾನ್ಸಲ್ ಒತ್ತಿದೆ. ಗುರ್ ಎಂದಿತು. ಒಳಗಿನ ಕೊಂಡಿ ಅಕ್ಕಿಕಾಳಿನಷ್ಟು ಸರಿದು ನಿಂತುಬಿಟ್ಟಿತು. ಮೋಟಾರಿಗೆ ಜೀವವಿದೆ, ಕೊಂಡಿಗೆ ದಾರಿಯಿಲ್ಲ. ಹಿಡಿಕೆ ಹಿಡಿದು ಎಳೆಯುತ್ತ ಕ್ಯಾನ್ಸಲ್ ಒತ್ತಿದೆ. ಬಾಗಿಲನ್ನು ಎತ್ತಿ ಹಿಡಿದು ಒತ್ತಿದೆ. ಗಡಿಯಾರದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ.

ಟ್ರೇಗಳಿಗೆ ಎಣ್ಣೆ ಸವರುತ್ತಿದ್ದ ಅತ್ತೆ ತಲೆಯೆತ್ತಿದರು. “ಇಷ್ಟು ದಿನ ಈ ಮನೇಲಿ ಬಾಯಿ ಬಿಡದವಳು ಒಬ್ಬಳೇ ಇದ್ದಳು. ಈಗ ಇಬ್ಬರಾದರು.”

ನಾನು ಮತ್ತೆ ಎಳೆದೆ.

“ಎಳೀಬೇಡ ಕಣೇ. ಅವನು ಎಳೀತಾ ಇರಲಿಲ್ಲ.”

ಕೈ ಬಿಟ್ಟೆ. ಆರು ತಿಂಗಳಲ್ಲಿ ನಾವಿಬ್ಬರೂ ಅವರ ಸುದ್ದಿ ಎತ್ತಿರಲಿಲ್ಲ. ಎತ್ತಿದರೆ ಅತ್ತೆ ಅಳುತ್ತಾರೆಂದು ನಾನು ಹೆದರಿದ್ದೆ, ಅತ್ತೆ ಏನೆಂದುಕೊಂಡಿದ್ದರೋ.

“ಮತ್ತೆ ಏನು ಮಾಡ್ತಿದ್ರು?”

“ಸೊಂಟ ಕೊಡ್ತಿದ್ದ.”

“ಅಂದ್ರೆ?”

ಅತ್ತೆ ಎದ್ದರು. ಎಣ್ಣೆಗೈ ಎರಡನ್ನೂ ಮೇಲೆತ್ತಿಕೊಂಡು ಎಡಗಡೆಯ ಸೊಂಟವನ್ನು ಗಾಳಿಗೆ ಒಮ್ಮೆ ಜೋರಾಗಿ ಗುದ್ದಿ ತೋರಿಸಿದರು. ಎಪ್ಪತ್ತೊಂದರ ಹೆಂಗಸು. ನನಗೆ ನಗು ತಡೆಯಲಾಗಲಿಲ್ಲ.

“ನಗು, ನಗು. ಪ್ರತಿ ಸಲ ಕ್ಲೀನ್ ಆದಮೇಲೆ ಹಿಂಗೇ ಗುದ್ದೋನು.”

“ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಅತ್ತೆ?”

“ನೀನು ಕೇಳಿದ್ಯಾ?”

ಬಾಗಿಲನ್ನು ಬದಿಯಿಂದ ನೋಡಿದೆ. ಬಾಗಿಲನ್ನು ಹಿಡಿದಿರುವ ಕೆಳಗಿನ ತಿರುಗಣಿಗಳು ಸಡಿಲವಾಗಿ ಮೇಲಂಚು ಕೂದಲೆಳೆಯಷ್ಟು ಮುಂದಕ್ಕೆ ಬಾಗಿತ್ತು. ಬಾಗಿಲಿನ ಭಾರವೆಲ್ಲ ಕೊಂಡಿಯ ಮೇಲೆ. ಎಳೆದಷ್ಟೂ ಅದು ಬಿಗಿಯುತ್ತಿತ್ತು, ಒಳಕ್ಕೆ ತಳ್ಳಬೇಕಿತ್ತು. ಹಿಡಿಕೆಯ ಪಕ್ಕದ ಸ್ಟೀಲಿನಲ್ಲಿ ಅಂಗೈಯಗಲದ ಒಂದು ಜಾಗ ಹೊಳಪು ಕಳೆದುಕೊಂಡು ಮಾಸಿತ್ತು. ಎಷ್ಟೋ ಸಲ ಸೋಪು ಹಾಕಿ ಉಜ್ಜಿದ್ದೆ, ಕಲೆಯೆಂದು.

ಅಲ್ಲಿಗೆ ಸೊಂಟ ಕೊಟ್ಟೆ. ನಾಲ್ಕು ಬೆರಳು ಕೆಳಗೆ ಬಿತ್ತು. ಕೊಂಡಿ ಅಲ್ಲಾಡಿತು, ಬಿಡಲಿಲ್ಲ.

“ನಿನಗೆಲ್ಲಿ ಅವನ ಎತ್ತರ,” ಎಂದು ಅತ್ತೆ ಹಿತ್ತಿಲ ಬಾಗಿಲ ಹತ್ತಿರವಿದ್ದ ಹಲಗೆಯನ್ನು ಕಾಲಿನಿಂದಲೇ ನೂಕಿಕೊಂಡು ಬಂದರು. ಹತ್ತಿ ನಿಂತೆ. ಸೊಂಟ ಮಾಸಿದ ಜಾಗಕ್ಕೆ ಸರಿಯಾಗಿ ಕೂತಿತು.

“ಕ್ಯಾನ್ಸಲ್ ಒತ್ತಿ ಅತ್ತೆ.”

“ಎಣ್ಣೆಗೈ.”

“ಇರಲಿ, ಒತ್ತಿ.”

ಅವರು ಒತ್ತಿದರು. ನಾನು ಮೈಯ ಭಾರವನ್ನೆಲ್ಲ ಬಾಗಿಲಿಗೆ ಹಾಕಿದೆ. ಗುರ್ ಎಂದದ್ದು ಈ ಸಲ ಅರ್ಧಕ್ಕೆ ನಿಲ್ಲದೆ ಟಕ್ ಎಂದು ಮುಗಿಯಿತು. ಕೆಂಪು ದೀಪ ಆರಿತು. ಹಲಗೆಯಿಂದ ಇಳಿದು ಬಾಗಿಲು ತೆರೆದೆ.

ಎರಡಕ್ಕೆ ಹದಿನೈದು ನಿಮಿಷವಿದ್ದಾಗ ಕ್ಯಾಂಟೀನಿಗೆ ಫೋನ್ ಮಾಡಿದೆ. “ಬನ್ ಬರುತ್ತೆ,” ಎಂದೆ. ಮೆಕ್ಯಾನಿಕ್‌ಗೂ ಹೇಳಿದೆ: ನಾಳೆ ಬನ್ನಿ, ಬೋರ್ಡ್ ಬೇಡ, ತಿರುಗಣಿ ಹಾಕಿ.

ಒಳಗೆ ತಳದಲ್ಲಿ ಬೂದಿಯಿತ್ತು. ಕೊನೆಯ ಸಲ ಅವರು ಚೆಲ್ಲಿದ್ದ ಸಕ್ಕರೆ ಪಾಕ ಅಲ್ಲೇ ಕರಕಾಗಿ ಅಂಟಿಕೊಂಡಿತ್ತು, ನಾನು ಕೆರೆದಿರಲಿಲ್ಲ; ಈಗ ಅದೂ ಬೂದಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎರಡೇ ಸಲಕ್ಕೆ ಹೋಯಿತು.

“ಉಂಡೆ ಕಟ್ಟು ಬೇಗ,” ಎಂದರು ಅತ್ತೆ, “ಹಿಟ್ಟು ಬೇಸಿನ್ ಬಿಟ್ಟು ಎದ್ದು ಬರ್ತಾ ಇದೆ.”

ಬಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದುಕೊಂಡೆ.